ಮಾವನ ಟೈರಿಗೆ ಎಣ್ಣೆನೀರು

ಟೈರು ಜಾರಬಹುದಿತ್ತು. ಜಾರಿದರೆ ಗಾಡಿ ಬೀಳಬಹುದಿತ್ತು. ಬಿದ್ದರೆ ಅವ್ವನ ಸೊಂಟ ಮುರಿಯಬಹುದಿತ್ತು. ಬೀಳದಿದ್ದರೂ ಸೆರಗು ಚಕ್ರಕ್ಕೆ ಸಿಕ್ಕಬಹುದಿತ್ತು. ಸೆರಗು ಸಿಕ್ಕದಿದ್ದರೂ ಬ್ರೇಕು ಹಿಡಿಯದೆ ಮೂವರೂ ಎದುರಿಗೆ ಬರುವ ಈರುಳ್ಳಿ ಲಾರಿಯ ಕೆಳಗೆ ಹೋಗಬಹುದಿತ್ತು. ಲಾರಿ ತಪ್ಪಿದರೆ ಕುರಿಮಂದೆ. ಕುರಿಮಂದೆಯೂ ಇಲ್ಲದಿದ್ದರೆ ಒಂದೇ ಗಾಡಿಯ ಮೇಲೆ ಮೂವರು ಕೂತಿದ್ದಕ್ಕೆ ಪೋಲೀಸಿನವರು ಹಿಡಿಯಬಹುದಿತ್ತು. ಅವರು ಬಿಟ್ಟು ಕಳಿಸಿದರೂ ನಾವು ತರೀಕೆರೆ ಸೇರುವ ಹೊತ್ತಿಗೆ ಹತ್ತು ಗಂಟೆ ಹೊಡೆದು, ಕಣ್ಣಿನ ಕ್ಯಾಂಪಿನವರು ಪುಸ್ತಕ ಮುಚ್ಚಿ, "ಮುಂದಿನ ವರ್ಷ ಬನ್ನಿ" ಎನ್ನಬಹುದಿತ್ತು. ಮುಚ್ಚದಿದ್ದರೂ ಗಾಬರಿಯಲ್ಲಿ ಅವ್ವನಿಗೆ ಬಿ.ಪಿ. ಏರಿ ಡಾಕ್ಟರು ಆಪರೇಷನ್ನೇ ಬೇಡ ಅನ್ನಬಹುದಿತ್ತು.

ಇದು ಒಂದು ಬೆಳಿಗ್ಗೆ ಅಜ್ಜಂಪುರದ ಹಿಟ್ಟಿನ ಗಿರಣಿಯೊಂದರ ಮುಂದೆ ನಿಂತು ನಾನು ಒಂದೇ ಉಸಿರಿನಲ್ಲಿ ಯೋಚಿಸಿದ್ದು. ಉಸಿರು ಇನ್ನಷ್ಟು ಇದ್ದಿದ್ದರೆ ಪಟ್ಟಿಯೂ ಇನ್ನಷ್ಟು ಬೆಳೆಯುತ್ತಿತ್ತು!

ಇಷ್ಟಕ್ಕೆಲ್ಲ ಕಾರಣ ನನ್ನ ಸೋದರಮಾವ. ಅವರು ನಿಮ್ಮ ಮನೆಗೆ ಬಂದಿರಲಿಕ್ಕಿಲ್ಲ. ಬಂದಿದ್ದರೆ ನಿಮ್ಮ ಬಾಗಿಲುಗಳೆಲ್ಲ ಇಷ್ಟು ಹೊತ್ತಿಗೆ ಸದ್ದಿಲ್ಲದೆ ತೆರೆಯುತ್ತಿದ್ದವು. ಈ ಲೋಕದ ಸಕಲ ಸಂಕಟಗಳೂ ಎಣ್ಣೆ ಸಾಲದ್ದರಿಂದಲೇ ಬಂದವು ಎಂಬುದು ಅವರ ಗಟ್ಟಿಯಾದ ನಂಬಿಕೆ. ಬೇರೆಯವರು ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುತ್ತಾರೆ, ಕನ್ನಡಕ ಇಟ್ಟುಕೊಳ್ಳುತ್ತಾರೆ, ಎಲೆ ಅಡಿಕೆ ಇಟ್ಟುಕೊಳ್ಳುತ್ತಾರೆ. ನಮ್ಮ ಮಾವನ ಜೇಬಿನಲ್ಲಿ ಇರುತ್ತಿದ್ದುದು ಕೊಕ್ಕರೆಯ ಮೂತಿಯಂಥ ಮೂತಿಯಿದ್ದ ಒಂದು ಪುಟ್ಟ ಎಣ್ಣೆಡಬ್ಬಿ. ಅವರ ಅಂಗಿಗಳಿಗೆಲ್ಲ ಎಡಗಡೆ ಎದೆಯ ಮೇಲೆ ಒಂದೊಂದು ಕಪ್ಪು ಹುಣ್ಣಿಮೆ ಮೂಡಿರುತ್ತಿತ್ತು.

ಒಮ್ಮೆ ಹಿರೇನಲ್ಲೂರಿನ ಬೀಗರ ಮನೆಗೆ ಹೋಗಿದ್ದರು. ಊಟಕ್ಕೆ ಕೂತರೆ ತಲೆಬಾಗಿಲು ಕಿರ್ ಅಂದಿತು. ಮಾವನಿಗೆ ತುತ್ತು ಇಳಿಯಲಿಲ್ಲ. ಎಡಗೈಯಲ್ಲೇ ಡಬ್ಬಿ ತೆಗೆದು, ಎದ್ದು ಹೋಗಿ, ತಿರುಗಣಿಗೆ ಎರಡು ಹನಿ ಬಿಟ್ಟು ಬಂದು, ಮತ್ತೆ ಹೋಳಿಗೆಗೆ ಕೈ ಹಾಕಿದರು. ವಾರ ಕಳೆಯುವುದರೊಳಗೆ ಬೀಗರ ಮನೆಯ ಅಜ್ಜಿಯಿಂದ ನಮ್ಮ ಅವ್ವನಿಗೆ ದೂರು ಬಂತು.

"ನಿಮ್ಮ ತಮ್ಮಂಗೆ ಯಾರವ್ವಾ ಹೇಳಿದ್ರು ಎಣ್ಣೆ ಬಿಡು ಅಂತ? ಆ ಬಾಗ್ಲು ನಲವತ್ತು ವರ್ಷದಿಂದ ಕಿರ್ ಅಂತಿತ್ತು. ಯಾರು ಬಂದ್ರು, ಯಾರು ಹೋದ್ರು ಎಲ್ಲಾ ನಂಗೆ ಹಾಸಿಗೆ ಮೇಲೇ ಗೊತ್ತಾಗ್ತಿತ್ತು. ಈಗ ಬೆಕ್ಕು ಬಂದು ಹಾಲು ಕುಡ್ಕೊಂಡು, ಮೂತಿ ಒರಸ್ಕೊಂಡು ಹೋದ್ರೂ ಗೊತ್ತಾಗಲ್ಲ!"

ಇನ್ನೊಮ್ಮೆ ಮೇಷ್ಟರೊಬ್ಬರ ಸೈಕಲ್ಲು. ಮಾವನ ಹಿಟ್ಟಿನ ಗಿರಣಿಗೆ ಜೋಳ ತಂದ ಮೇಷ್ಟರು ಸೈಕಲ್ಲು ನಿಲ್ಲಿಸಿದಾಗ ಬ್ರೇಕು ಕೀಚ್ ಎಂದಿತಂತೆ. ಹಿಟ್ಟು ಆಗುವುದರೊಳಗೆ ಮಾವ ಮುಂದಿನ ಬ್ರೇಕಿಗೂ ಹಿಂದಿನ ಬ್ರೇಕಿಗೂ ಧಾರಾಳವಾಗಿ ಎಣ್ಣೆ ಕುಡಿಸಿದ್ದರು. ಸಂಜೆ ಮೇಷ್ಟರು ಮೊಣಕೈಗೆ ಅರಿಶಿನ ಮೆತ್ತಿಕೊಂಡು, ಸೈಕಲ್ಲನ್ನು ತಳ್ಳಿಕೊಂಡು ಬಂದರು. ಮಾವ ಸಂತೋಷದಿಂದ ಎದುರು ಹೋಗಿ ಕೇಳಿದರು:

"ಏನ್ ಮೇಷ್ಟ್ರೇ, ಈಗ ಕೀಚ್ ಅಂತದಾ?"

"ಇಲ್ಲ ಸ್ವಾಮಿ. ಕೀಚ್ ಅನ್ನೋದೂ ಇಲ್ಲ, ನಿಲ್ಲೋದೂ ಇಲ್ಲ!"

ಇಂಥ ಮನುಷ್ಯನ ಕೈಗೆ ಒಂದು ಮೋಟಾರ್ ಸೈಕಲ್ಲು ಸಿಕ್ಕರೆ ಏನಾಗಬಹುದು? ಕಡೂರಿನ ಕಂಟ್ರಾಕ್ಟರೊಬ್ಬರಿಂದ ಅದನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡು ತಂದ ದಿನ ಮಾವ ಅದರ ದೀಪಕ್ಕೆ ವಿಭೂತಿ ಹಚ್ಚಿ, ಅದರ ಚೈನಿನ ಮುಂದೆ ಮಂಡಿಯೂರಿ ಕೂತರು. ಮಗುವಿನ ಹೊಟ್ಟೆನೋವಿಗೆ ಕೊಡುವ ಔಷಧಿಯ ಖಾಲಿ ಬಾಟಲಿಯಲ್ಲಿ ಅವರದೇ ಆದ ಒಂದು ಚೈನೆಣ್ಣೆ ತಯಾರಾಯಿತು. ಗಿರಣಿ ಇಂಜಿನ್ನಿನ ಹಳೇ ಎಣ್ಣೆ ಮುಕ್ಕಾಲು, ಹರಳೆಣ್ಣೆ ಕಾಲು. ಹರಳೆಣ್ಣೆ ಏಕೆಂದರೆ ಅದಕ್ಕೆ ಅಂಟುವ ಗುಣ ಇದೆಯಂತೆ. "ಹಚ್ಚಿದ್ರೆ ಬಿಡಬಾರ್ದು ಕಣೋ, ನೆಂಟರ ಹಂಗೆ" ಎನ್ನುತ್ತಿದ್ದರು. ಆ ಗುಣ ಎಂಥದ್ದೆಂದು ಮುಂದೆ ನನಗೂ ಗೊತ್ತಾಯಿತು.

ಈಗ ಅವ್ವನ ವಿಷಯ ಹೇಳಬೇಕು. ಇಲ್ಲಿ ನಗುವ ಮಾತು ಕಡಿಮೆ. ನನ್ನದೇ ತಪ್ಪು ಇರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಿಂದಿನ ವರ್ಷವೂ ತರೀಕೆರೆಯಲ್ಲಿ ಕಣ್ಣಿನ ಕ್ಯಾಂಪ್ ನಡೆದಿತ್ತು. ಬೇಡ ಎಂದವನು ನಾನು. ಆಪರೇಷನ್ ಆದ ಮೇಲೆ ಯಾರೋ ಒಂದು ಸೀನು ಸೀನಿದ್ದಕ್ಕೆ ಕಣ್ಣೇ ಹೋಯಿತಂತೆ ಎಂದು ಪಂಚಾಯ್ತಿ ಆಫೀಸಿನಲ್ಲಿ ಯಾರೋ ಹೇಳಿದ್ದರು. ನಾನು ಅಲ್ಲಿ ಗುಮಾಸ್ತ. ಅವ್ವನಿಗೆ ನೆಗಡಿಯ ಮೈ. ಸೀನದೆ ಇರುವುದು ಹೇಗೆ? ಮಳೆಗಾಲ ಮುಗಿಯಲಿ ಎಂದೆ. ಆಮೇಲೆ ಚಳಿಗಾಲ ಮುಗಿಯಲಿ ಎಂದೆ. ನನ್ನ ಯೋಚನೆ ಮುಗಿಯಲಿಲ್ಲ, ಪೊರೆ ಬಲಿಯಿತು. ಅವ್ವ ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದಳು. ನಾನು ಮಾತಾಡದೆ ಉಂಡೆ. ಈ ವರ್ಷ ಪರೀಕ್ಷೆ ಮಾಡಿದ ಡಾಕ್ಟರು, "ಬಲಗಣ್ಣಿನ ಕಾಲ ಮೀರಿದೆ. ಎಡಗಣ್ಣನ್ನಾದರೂ ಉಳಿಸಿಕೊಳ್ಳಿ. ಈ ಕ್ಯಾಂಪ್ ತಪ್ಪಿಸಬೇಡಿ" ಎಂದು ಚೀಟಿ ಬರೆದುಕೊಟ್ಟರು. ಹತ್ತು ಗಂಟೆಯೊಳಗೆ ಚೀಟಿ ತೋರಿಸಿ ಹೆಸರು ಹಚ್ಚಿಸಬೇಕು, ಇಲ್ಲದಿದ್ದರೆ ಇಲ್ಲ.

ಆ ದಿನ ಬಂತು. ಅವ್ವ ಉಟ್ಟಿದ್ದು ಕೆಂಪಂಚಿನ ಹಳದಿ ಸೀರೆ. ಗಿರಣಿ ಶುರುವಾದ ವರ್ಷ ಪಂಚಮಿಗೆ ಮಾವ ತಂದುಕೊಟ್ಟಿದ್ದು, ಅವ್ವ ಮಡಿಕೆ ಬಿಚ್ಚದೆ ಇಟ್ಟಿದ್ದು. ಆಸ್ಪತ್ರೆಗೆ ಹಳೆಯದು ಸಾಕಲ್ಲವೇ ಎಂದರೆ, "ಕಣ್ಣು ಬಂದಾಗ ಮೊದ್ಲು ಕಾಣೋದು ಒಳ್ಳೇದಾಗಿರ್ಲಿ" ಎಂದಳು.

ಬೆಳಿಗ್ಗೆ ಏಳರ ಬಸ್ಸಿಗೆ ಹೊರಟರೆ, ಬಸ್ಸು ಹಿಂದಿನ ದಿನವೇ ದಾರಿಯಲ್ಲಿ ಆಕ್ಸಲ್ ಮುರಿದುಕೊಂಡು ಕೂತಿದೆ ಎಂಬ ಸುದ್ದಿ. ಮುಂದಿನ ಬಸ್ಸು ಹತ್ತೂವರೆಗೆ! ಅವ್ವನ ಕೈ ಹಿಡಿದುಕೊಂಡು ನೇರವಾಗಿ ಮಾವನ ಗಿರಣಿಗೆ ಹೋದೆ. ಗಿರಣಿಯ ಹಿಂದೆಯೇ ಅವರ ಮನೆ.

"ಇಷ್ಟೇ ತಾನೆ? ಗಾಡಿ ಐತಲ್ಲ! ಅಕ್ಕಯ್ಯ, ಐದು ನಿಮಿಷ ಜಗಲಿ ಮ್ಯಾಲೆ ಕೂತ್ಕೋ. ಚೈನಿಗೆ ಎರಡು ಹನಿ ಬಿಟ್ಟು ಬತ್ತೀನಿ."

"ಮಾವ, ಇವತ್ತೊಂದು ದಿನ ಬೇಡ" ಎಂದೆ. "ಹಾಗೇ ಹೋಗೋಣ."

"ಹಂಗೇ ಹೋಗೋಕೆ ಬಾಡಿಗೆ ಗಾಡಿ ಏನೋ ಇದು? ಕೂತ್ಕೊಳ್ಳೋಳು ನಮ್ಮಕ್ಕ. ಬೆಣ್ಣೆ ಮ್ಯಾಲೆ ಹೋದಂಗೆ ಹೋಗ್ಬೇಕು."

ಅವರ ಬಾಯಿಂದ ಬೆಣ್ಣೆ ಎಂಬ ಮಾತು ಬಂದಾಗಲೇ ನಾನು ಎಚ್ಚರವಾಗಬೇಕಿತ್ತು. ಮಾವ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದರು. ಎಡಗೈಯಲ್ಲಿ ಹಿಂದಿನ ಚಕ್ರ ತಿರುಗಿಸುತ್ತ ಬಲಗೈಯಲ್ಲಿ ಬಾಟಲಿ ಓರೆ ಮಾಡಿದರು. ಅಕ್ಕನ ಮೇಲಿನ ಪ್ರೀತಿಗೆ ಎರಡು ಹನಿ ಹತ್ತಾದವು, ಹತ್ತು ಇಪ್ಪತ್ತಾದವು. ಅಷ್ಟರಲ್ಲಿ ಬಾಟಲಿಯ ಮೂತಿ ಚಕ್ರದ ಕಡ್ಡಿಗೆ ತಾಗಿ ಕೈಜಾರಿ, ಟೈರಿನ ಮೇಲೆ ಬೋರಲು ಬಿತ್ತು. ಚಕ್ರ ತಿರುಗುತ್ತಲೇ ಇತ್ತು. ತಿರುಗುತ್ತ ತಿರುಗುತ್ತ ಟೈರು ತನ್ನ ಪಾಲಿನ ಎಣ್ಣೆಯನ್ನು ಮೈತುಂಬ ಸವರಿಕೊಂಡಿತು. ಗಟಗಟ ಎಂದು ಬಾಟಲಿ ಖಾಲಿಯಾಯಿತು. ಕರ್ರಗೆ, ಮಿರಮಿರ ಮಿಂಚುವ ಟೈರು! ಆ ಟೈರು ಅಷ್ಟು ಚೆನ್ನಾಗಿ ಕಂಡದ್ದು ಅದರ ಜನ್ಮದಲ್ಲಿ ಅದೊಂದೇ ಸಲ.

"ಮಾವ! ಟೈರು!"

"ಕಂಡೆ ಕಣೋ. ಟೈರಿಗೂ ಒಂದು ಮೈ ಅಂತ ಇಲ್ವಾ?"

ಮಾತು ಹಗುರವಾಗಿತ್ತು. ಆದರೆ ಮಾವನ ಮುಖ ನೋಡಿದೆ, ಅದರಲ್ಲಿ ರಕ್ತವಿರಲಿಲ್ಲ. ಮೇಷ್ಟರ ಮೊಣಕೈ ಅವರಿಗೂ ನೆನಪಾಗಿರಬೇಕು. ನನಗಂತೂ ಮೊದಲು ಹೇಳಿದ ಪಟ್ಟಿಯೆಲ್ಲ ಆ ಕ್ಷಣದಲ್ಲೇ ಕಣ್ಣ ಮುಂದೆ ಬಂದು ಸಾಲಾಗಿ ನಿಂತಿತು.

ಮೊದಲು ಬಟ್ಟೆಯಲ್ಲಿ ಒರೆಸಿದೆವು. ಬಟ್ಟೆ ಕಪ್ಪಾಯಿತು, ಟೈರು ಇನ್ನಷ್ಟು ಹೊಳೆಯಿತು. "ಸೀಮೆಎಣ್ಣೆ ಹಾಕೋಣವೇ?" ಎಂದೆ. "ಎಣ್ಣೆಗೆ ಎಣ್ಣೇನಾ? ಅದು ರಬ್ಬರ್ ತಿಂದ್ಹಾಕುತ್ತೆ ಕಣೋ" ಎಂದರು ಮಾವ. ಜೀವಮಾನದಲ್ಲಿ ಅವರು ಎಣ್ಣೆಯೊಂದನ್ನು ಬೇಡ ಎಂದದ್ದು ಇದೇ ಮೊದಲು! ಆಮೇಲೆ ಅವರಿಗೆ ಗಿರಣಿಯ ನೆಲದ ಹಿಟ್ಟು ಹೊಳೆಯಿತು. ರಾಗಿ, ಜೋಳ, ಗೋಧಿ ಎಲ್ಲ ಬೆರೆತ ಉದುರುಹಿಟ್ಟನ್ನು ಮೊರದಲ್ಲಿ ತುಂಬಿ ತಂದು ಟೈರಿಗೆ ಎರಚಿದರು. ಹಿಟ್ಟು ಎಣ್ಣೆ ಹೀರುವುದು ನಿಜ. ಆದರೆ ಹೀರಿದ ಮೇಲೆ ಅದು ಕಣಕವಾಗುತ್ತದೆ ಎಂಬುದನ್ನು ಗಿರಣಿಯ ಯಜಮಾನ ಮರೆತಿದ್ದರು. ಐದು ನಿಮಿಷದಲ್ಲಿ ಟೈರಿನ ಗೀರುಗಳೊಳಗೆಲ್ಲ ಚಪಾತಿಗೆ ಕಲಸಿದಂಥ ಹಿಟ್ಟು ತುಂಬಿತು. ಬೀದಿನಾಯಿಯೊಂದು ಬಂದು ಒಂದು ಸಲ ನೆಕ್ಕಿ, ನಮ್ಮಿಬ್ಬರ ಮುಖವನ್ನೂ ನೋಡಿ, ಹೊರಟುಹೋಯಿತು.

ಏಳು ಮುಕ್ಕಾಲು. ನಾನು ಗಡಿಯಾರ ನೋಡುವುದು, ಟೈರು ನೋಡುವುದು, ಅವ್ವನನ್ನು ನೋಡುವುದು. ಜಗಲಿಯ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವ್ವನಿಗೆ ನಮ್ಮ ಕೆಲಸ ಕಾಣುತ್ತಿರಲಿಲ್ಲ. ಕಿವಿಗೆ ಬಿದ್ದಷ್ಟರಲ್ಲೇ ಎಲ್ಲ ಅರ್ಥವಾಗಿತ್ತು.

"ಏನೋ ಅದು, ಇಬ್ರೂ ಸೇರ್ಕೊಂಡು ರೊಟ್ಟಿ ತಟ್ತಾ ಇದ್ದೀರಾ?"

"ಟೈರಿಗೆ ವಸಿ ಎಣ್ಣೆ ಆಯ್ತು ಅಕ್ಕಯ್ಯ. ಹೋಗವಲ್ದು."

"ಎಣ್ಣೆ ಹೋಗ್ಬೇಕು ಅಂದ್ರೆ ಹಿಟ್ಟು ಹಾಕ್ತಾರೇನೋ? ಹುಟ್ಟಿದಾಗಿಂದ ನಿನ್ನ ತಲೆಗೆ ನಾನು ಏನ್ ಹಾಕ್ತಿದ್ದೆ? ಸೀಗೆಪುಡಿ ತಾರೋ! ಒಲೆ ಮ್ಯಾಲೆ ಬಿಸಿನೀರು ಇರ್ಬೇಕು ನೋಡು."

ಅತ್ತೆ ಶುಕ್ರವಾರಕ್ಕೆಂದು ಕುಟ್ಟಿಸಿ ಇಟ್ಟಿದ್ದ ಒಂದು ಸೇರು ಸೀಗೆಪುಡಿ ಬಂತು. ಹಂಡೆಯ ಬಿಸಿನೀರು ಬಂತು. ತೆಂಗಿನ ನಾರು ಬಂತು. ಗೀರುಗಳೊಳಗಿನ ಕಣಕ ಕೆದಕಲು ಕಸಬರಿಕೆಯ ಕಡ್ಡಿಗಳು ಬಂದವು. "ಮೋಟಾರ್ ಸೈಕಲ್ಲಿಗೆ ಎಣ್ಣೆನೀರು ಹಾಕಿದ್ದು ಈ ಸೀಮೇಲಿ ನೀವೊಬ್ರೇ ಕಣ್ರೀ" ಎಂದು ಅತ್ತೆ ತಲೆ ಚಚ್ಚಿಕೊಂಡರು. ಮಾವ ತಿಕ್ಕುವುದು, ನಾನು ನೀರು ಹೊಯ್ಯುವುದು. ಒಂದು ನೀರಾಯಿತು, ಎರಡು ನೀರಾಯಿತು.

"ಆಯ್ತು, ಹೊಳಪು ಹೋಯ್ತು" ಎಂದೆ.

"ಸರಿ, ನನ್ನ ಕೈ ಹಿಡ್ಕೊಂಡು ಬಾ ಅತ್ಲಾಗೆ" ಎಂದಳು ಅವ್ವ.

ಚಕ್ರದ ಪಕ್ಕದಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿದೆ. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಮಂಡಿಯ ನಡುವೆ ಒತ್ತಿಕೊಂಡು, ಟೈರಿನ ಮೇಲೆ ಬೆರಳಾಡಿಸಿದಳು. ಎಷ್ಟು ಮಕ್ಕಳ ತಲೆಗೆ ನೀರೆರೆದ ಬೆರಳು ಅವು! ಎಣ್ಣೆ ಉಳಿದಿದೆಯೋ ಹೋಗಿದೆಯೋ ಎಂದು ಕಿವಿಯ ಹಿಂದೆ, ನೆತ್ತಿಯ ನಡುವೆ ಮುಟ್ಟಿ ನೋಡುವ ಹಾಗೇ ಮುಟ್ಟಿದಳು. ಮಾವ ನಿಧಾನವಾಗಿ ಚಕ್ರ ತಿರುಗಿಸಿದರು.

"ಇಲ್ಲಿ ಐತೆ ನೋಡು ಜಿಡ್ಡು. ಇಲ್ಲೂ ಐತೆ. ನಿಂಗೆ ಕಣ್ಣು ಇದ್ದು ಏನೋ ಬಂತು?" ಇದು ನನಗೆ.

ಮೂರನೇ ನೀರು. ನಾಲ್ಕನೇ ನೀರು. ಐದನೆಯದಕ್ಕೆ ಅವ್ವನ ಬೆರಳು ಟೈರಿನ ಮೇಲೆ ಚರಚರ ಎಂದು ತಡೆದು ನಿಂತಿತು. "ಹ್ಞೂಂ. ಈಗ ತಲೆ ಒರಸ್ಬೌದು" ಎಂದಳು.

ಮಾವ ಒಣಬಟ್ಟೆಯಲ್ಲಿ ಟೈರು ಒರೆಸಿ, ಬೀದಿಯ ಮಣ್ಣಿನಲ್ಲಿ ಗಾಡಿಯನ್ನು ಆ ತುದಿಗೂ ಈ ತುದಿಗೂ ನಾಲ್ಕು ಸಲ ಓಡಿಸಿ, ನಾಲ್ಕು ಸಲವೂ ಬ್ರೇಕು ಹಾಕಿ ತೋರಿಸಿದರು. ಗಾಡಿ ನಿಂತಿತು. ನಿಂತಾಗ ಕೀಚ್ ಎಂದೂ ಅಂದಿತು! ಮಾವನ ಕೈ ತಾನಾಗಿ ಜೇಬಿನ ಡಬ್ಬಿಯ ಕಡೆ ಹೋಯಿತು. ನಾನು ನೋಡಿದೆ. ಕೈ ವಾಪಸು ಬಂತು.

ಎಂಟೂವರೆ. ಮಾವ ಮುಂದೆ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಅವ್ವ ನಡುವೆ, ಅವಳ ಹಿಂದೆ ಅರ್ಧ ಸೀಟಿನ ಮೇಲೆ ಅರ್ಧ ಗಾಳಿಯ ಮೇಲೆ ನಾನು. "ನಾನು ಬಂದರೆ ಭಾರ ಜಾಸ್ತಿ ಆಗಲ್ವಾ ಮಾವ?" ಎಂದದ್ದಕ್ಕೆ, "ನಿನ್ ಮೈಯಲ್ಲಿ ಏನೂ ಭಾರ ಇಲ್ಲ, ತಲೇಲಿ ಇರೋದೇ ಸಾಕು. ಟೈರು ಗಟ್ಟಿಯಾಗಿ ನೆಲ ಕಚ್ಕಂತದೆ, ಹತ್ತು" ಎಂದರು.

ಹದಿನೈದು ಮೈಲಿ. ನಾನು ಅವ್ವನ ಸೆರಗನ್ನು ಮುದ್ದೆ ಮಾಡಿ ಎರಡು ಮುಷ್ಟಿಯಲ್ಲೂ ಹಿಡಿದುಕೊಂಡಿದ್ದೆ. ಕಣ್ಣು ಮಾತ್ರ ಹಿಂದಿನ ಟೈರಿನ ಮೇಲೆ. ಕತ್ತು ಬಗ್ಗಿಸಿ ಟೈರು ನೋಡುತ್ತ ಹೋದವನಿಗೆ ರಸ್ತೆ ಹೇಗೆ ಕಂಡೀತು? ಒಂದು ತಿರುವಿನಲ್ಲಿ ಕುರಿಮಂದೆ ಬಂತು, ಪಟ್ಟಿಯಲ್ಲಿ ಇದ್ದದ್ದೇ! ಗಾಡಿ ನಿಂತಿತು, ಕುರಿಗಳು ದಾಟಿದವು, ಒಂದು ಮಾತ್ರ ನನ್ನ ಪಂಚೆಯ ತುದಿಯನ್ನು ರುಚಿ ನೋಡಿತು. ಈರುಳ್ಳಿ ಲಾರಿಯೂ ಬಂತು. ಅದರ ಡ್ರೈವರು ನಮ್ಮನ್ನು ನೋಡಿ ಕೈ ಬೀಸಿದ. ಅವನು ಗಿರಣಿಗೆ ಬರುವವನಂತೆ. ಮಾವನೂ ಒಂದು ಕೈ ಬಿಟ್ಟು ಬೀಸಿದರು! ಅಮೃತಾಪುರದ ಕಡೆ ತಿರುಗುವ ದಾರಿ ದಾಟುವಾಗ ನಾನು ಕಣ್ಣುಮುಚ್ಚಿ, ಎಲ್ಲಾದರೂ ಬೀಳುವುದಿದ್ದರೆ ಮೆತ್ತಗಿನ ಹೊಲದ ಕಡೆಗೆ ಬೀಳಿಸಪ್ಪಾ ಎಂದು ಬೇಡಿಕೊಂಡೆ. ಆಗ ಅವ್ವನ ದನಿ ಕೇಳಿಸಿತು.

"ಲೇ ತಮ್ಮಾ."

"ಏನಕ್ಕಯ್ಯ? ಭಯ ಆಗ್ತದಾ? ನಿಲ್ಲಿಸ್ಲಾ?"

"ಇದು ಇಷ್ಟೇನಾ ಓಡೋದು?"

ಕ್ಯಾಂಪ್ ನಡೆಯುತ್ತಿದ್ದ ತರೀಕೆರೆಯ ಸ್ಕೂಲಿನ ಮುಂದೆ ಇಳಿದಾಗ ಹತ್ತಕ್ಕೆ ಹನ್ನೆರಡು ನಿಮಿಷ ಇತ್ತು. ಕ್ಯಾಂಪಿನ ಪುಸ್ತಕ ತೆರೆದೇ ಇತ್ತು. ನಾನು ಚೀಟಿ ಹಿಡಿದು ಓಡಿ, ಹೆಸರು ಬರೆಸಿ, ತಿರುಗಿ ನೋಡುತ್ತೇನೆ: ಮಾವ ಅಕ್ಕನ ಕಾಲ ಬಳಿ ಕೂತು, ತಲೆ ಬಗ್ಗಿಸಿ, ಎರಡು ಕೈಯಲ್ಲೂ ಅವಳ ಪಾದ ಮುಟ್ಟುತ್ತಿದ್ದಾರೆ! ಹಬ್ಬಹುಣ್ಣಿಮೆಯಲ್ಲೂ ಯಾರ ಕಾಲಿಗೂ ಬೀಳದ ಮನುಷ್ಯ. ಸ್ವಾಮಿಗಳು ಬಂದರೆ ಅವರ ಕಾರಿನ ಬಾಗಿಲಿಗೆ ಎಣ್ಣೆ ಬಿಡಲು ಬಗ್ಗುತ್ತಿದ್ದರೇ ಹೊರತು ಪಾದಕ್ಕಲ್ಲ. ನನ್ನ ಕಣ್ಣು ತುಂಬಿ ಬಂತು. ನಾನು ಅತ್ತ ಮುಖ ತಿರುಗಿಸಿಕೊಂಡೆ.

ಆಪರೇಷನ್ ಆಯಿತು. ಅವ್ವ ಸೀನಲಿಲ್ಲ. ಸೀನು ಬಂದಾಗಲೆಲ್ಲ ಮೇಲ್ತುಟಿ ಒತ್ತಿ ಹಿಡಿಯುವುದನ್ನು ಅವಳಿಗೆ ಕಲಿಸಿ, ಆರು ದಿನ ನಾನೇ ನನ್ನ ಮೇಲ್ತುಟಿ ಒತ್ತಿಕೊಂಡು ಪಕ್ಕದಲ್ಲಿ ಕೂತಿದ್ದೆ. ಮಾವ ಗಿರಣಿ ಮುಚ್ಚಿ ಬಂದು ಸ್ಕೂಲಿನ ಜಗಲಿಯಲ್ಲೇ ಬಿಡಾರ ಹೂಡಿದರು. ಎರಡನೇ ದಿನ ಕ್ಯಾಂಪಿನ ನರ್ಸಮ್ಮ, "ಯಾರ್ರೀ ಅದು, ತಳ್ಳುಗಾಡಿ ಚಕ್ರಕ್ಕೆಲ್ಲ ಎಣ್ಣೆ ಬಳಿದೋರು?" ಎಂದು ಕೂಗಾಡಿದರು. ಮೂರನೇ ದಿನ ಅವರೇ ಬಂದು, "ಆ ಮೂಲೆ ಕಿಟಕಿನೂ ಒಂದು ನೋಡಿಬಿಡಿ" ಎಂದರು.

ಊರಿಗೆ ವಾಪಸು ಬಂದ ಮೇಲೆ ಹಳದಿ ಸೀರೆಯನ್ನು ಒಗೆಯಲು ಅತ್ತೆ ಒಯ್ದರು. ಒಗೆದು ಮಡಿಸಿ ತಂದುಕೊಟ್ಟದ್ದು ಹಾಗೆಯೇ ಟ್ರಂಕು ಸೇರಿತು. ಅವ್ವನಿಗೆ ಕಣ್ಣಿಗೆ ಕಟ್ಟಿದ ಹಸಿರು ಪಟ್ಟಿಯ ಮರೆಯಲ್ಲಿ ಬರಿಯ ಮಂಜುಮಂಜು. ದಪ್ಪ ಕನ್ನಡಕ ಬಂದ ಮೇಲೇ ಗೊತ್ತಾಗುವುದು ಎಂದಿದ್ದರು. ಕಾಣದೇ ಹೋದರೆ? ಒಂದೂವರೆ ತಿಂಗಳು ನಾನು ಆ ಒಂದು ಪ್ರಶ್ನೆಯನ್ನೇ ಊಟಕ್ಕೆ ಮೊದಲೂ ಊಟದ ನಂತರವೂ ಔಷಧಿಯಂತೆ ನುಂಗಿದೆ.

ಕನ್ನಡಕ ಕೊಟ್ಟದ್ದು ಕಡೂರಿನ ಆಸ್ಪತ್ರೆಯಲ್ಲಿ. ಈ ಸಲ ರೈಲಿನಲ್ಲೇ ಹೋದೆವು. ಇಂಜಿನ್ನಿಗೆ ಎಣ್ಣೆ ಬಿಡುವ ಅವಕಾಶ ಮಾವನಿಗೆ ಯಾರೂ ಕೊಡಲಿಲ್ಲ. ಅವ್ವ ಮತ್ತೆ ಅದೇ ಹಳದಿ ಸೀರೆ ಉಟ್ಟಿದ್ದಳು. "ಇವತ್ತು ಬೇರೇದು ಉಟ್ಕೋ ಅಕ್ಕಯ್ಯ, ಧೂಳು ಐತೆ" ಎಂದು ಮಾವ ಎರಡು ಸಲ ಹೇಳಿದ್ದರು. ಅವಳು ಕೇಳಿರಲಿಲ್ಲ. ಡಾಕ್ಟರು ಅವಳನ್ನು ಬೆಂಚಿನ ಮೇಲೆ ಕೂರಿಸಿ, ಸೋಡಾ ಬಾಟಲಿಯ ತಳದಂಥ ಗಾಜಿನ ಕನ್ನಡಕವನ್ನು ಮೂಗಿಗೇರಿಸಿ, ಗೋಡೆಯ ಮೇಲಿನ ದೊಡ್ಡ ಅಕ್ಷರ ತೋರಿಸಿ, "ಏನು ಕಾಣುತ್ತಮ್ಮ?" ಎಂದರು.

ಅವ್ವ ಗೋಡೆಯ ಕಡೆ ನೋಡಲೇ ಇಲ್ಲ. ಮೊದಲು ಕಾಣುವುದು ಒಳ್ಳೆಯದಾಗಿರಲಿ ಎಂದಿದ್ದಳಲ್ಲ! ತಲೆ ಬಗ್ಗಿಸಿ ಕಾಲ ಬಳಿಯ ಸೀರೆಯಂಚನ್ನು ನೋಡಿದಳು. ನೋಡುತ್ತಲೇ ಇದ್ದಳು. ಹುಬ್ಬು ಗಂಟಾಯಿತು.

"ಲೇ ತಮ್ಮಾ, ಇದೇನೋ ಇದು? ಅಂಚಿಗೆಲ್ಲ ಕರೀ ಚುಕ್ಕೆ!"

ನಾನೂ ಬಗ್ಗಿದೆ. ಹಳದಿಯ ಮೇಲೆ, ಕೆಂಪಂಚಿನ ಪಕ್ಕದಲ್ಲೇ, ಸಾಲಾಗಿ ಎಣ್ಣೆಯ ಹನಿಗಳು. ಆಗ ನನಗೆ ಹೊಳೆಯಿತು. ಟೈರಿಗೆ ಐದು ನೀರು ಎರೆದಿದ್ದೆವು. ಚೈನಿಗೆ? ಇಪ್ಪತ್ತು ಹನಿ ಕುಡಿದು ತೊಟ್ಟಿಕ್ಕುತ್ತಿದ್ದ ಚೈನನ್ನು ಯಾರೂ ಒರೆಸಿರಲಿಲ್ಲ! ಅದು ದಾರಿಯುದ್ದಕ್ಕೂ, ಅವ್ವನ ಇಳಿಬಿಟ್ಟ ಕಾಲಿನ ಪಕ್ಕದಲ್ಲೇ ಸುತ್ತುತ್ತ, ಚಿಟುಕು ಚಿಟುಕಾಗಿ ಸಿಡಿಸಿತ್ತು. ತರೀಕೆರೆಯಲ್ಲಿ ಮಾವ ಅಕ್ಕನ ಪಾದಕ್ಕೆ ಬಿದ್ದಿರಲಿಲ್ಲ. ಸೀರೆ ಒರೆಸುತ್ತಿದ್ದರು. ಅತ್ತೆಯ ಕೈಗೆ ಅದನ್ನು ಕೊಡಿಸಿ ತಿಕ್ಕಿಸಿದ್ದೂ ಅವರೇ ಇರಬೇಕು. ಹಚ್ಚಿದರೆ ಬಿಡಬಾರದು ಎಂದು ಹರಳೆಣ್ಣೆ ಬೆರೆಸಿದವರೂ ಅವರೇ ತಾನೇ.

ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿದ್ದ ಮಾವ ಅಕ್ಕನ ಮುಂದೆ ಕೂತು, ಅಂಚನ್ನು ಬೆರಳಲ್ಲಿ ಹಿಡಿದು, ಸಣ್ಣ ದನಿಯಲ್ಲಿ ಕೇಳಿದರು:

"ಕಾಣ್ತದಾ ಅಕ್ಕಯ್ಯ?"

"ಕಾಣ್ದೇ ಏನೋ? ಒಂದು, ಎರಡು... ಹೊಸಾ ಸೀರೆ ಹಾಳ್ಮಾಡ್ಬಿಟ್ಯಲ್ಲೋ!"

"ಸರಿಯಾಗಿ ನೋಡು. ಇನ್ನೊಂದ್ಸಲ ಹೇಳು."

"ಆರು ಕಣೋ. ಆರು!"

ಮಾವ ಸೀರೆಯಂಚನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟರು. ಆಸ್ಪತ್ರೆಯ ತುಂಬ ಜನ ನೋಡುತ್ತಿದ್ದರೂ ನಾಚಿಕೆಯಿಲ್ಲದೆ, ಸಣ್ಣ ಹುಡುಗನ ಹಾಗೆ ಬಿಕ್ಕಿಬಿಕ್ಕಿ ಅತ್ತರು. ಅವ್ವನಿಗೆ ಏನು ತೋಚಿತೋ, ಅವರ ತಲೆಯ ಮೇಲೆ ಕೈಯಿಟ್ಟಳು. ಆ ಬೆರಳುಗಳು ಅಭ್ಯಾಸದಿಂದ ಕೂದಲೊಳಗೆ ಆಡಿದವು.

"ಇದೇನೋ ನಿನ್ ತಲೆ, ಕತ್ತದ ನಾರು ಆಗೈತೆ! ಊರಿಗೆಲ್ಲ ಎಣ್ಣೆ ಬಿಡ್ತೀಯ, ನಿಂಗೆ ಒಂದು ಹನಿ ಇಲ್ವಾ? ಭಾನುವಾರ ಮನೇಗೆ ಬಾ. ನೀರು ಹಾಕ್ತೀನಿ."

ಈಗ ನನಗೂ ಮಾವನ ಆಗಿನ ವಯಸ್ಸು. ರಾತ್ರಿ ನಿದ್ದೆ ಬಾರದಿದ್ದರೆ ಆ ಪಟ್ಟಿಯನ್ನು ಈಗಲೂ ಒಮ್ಮೊಮ್ಮೆ ತೆರೆದು ನೋಡುತ್ತೇನೆ. ಟೈರು ಜಾರಲಿಲ್ಲ, ಸೊಂಟ ಮುರಿಯಲಿಲ್ಲ, ಸೆರಗು ಸಿಕ್ಕಲಿಲ್ಲ, ಪುಸ್ತಕ ಮುಚ್ಚಲಿಲ್ಲ. ಅಷ್ಟು ಉದ್ದದ ಪಟ್ಟಿಯಲ್ಲಿ ನಾನು ಬರೆದುಕೊಳ್ಳದೆ ಬಿಟ್ಟದ್ದು ಒಂದೇ, ಆದದ್ದೂ ಅದೊಂದೇ. ಹಳದಿ ಸೀರೆಯ ಅಂಚಿನಲ್ಲಿ ರಾಗಿಕಾಳಿನಷ್ಟು ಗಾತ್ರದ ಎಣ್ಣೆಹನಿಗಳು. ಅಂದು ಬಗ್ಗಿ ನೋಡಿದಾಗ ನಾನು ಐದು ಎಣಿಸಿದ್ದೆ. ನೆರಿಗೆಯ ಮಡಿಕೆಯೊಳಗೆ ಅಡಗಿದ್ದ ಆರನೆಯದು ಕಂಡದ್ದು ಅವ್ವನಿಗೆ.